ರೂಪಾಯಿಯನ್ನೂ ಹಿಡಿಯಿರಿ, ಬಡ್ಡಿಯನ್ನೂ ಇಳಿಸಿ ಅಂದರೆ ಹೇಗೆ ಮಾರಾಯ್ರೆ?

2025ರ ಡಿಸೆಂಬರ್ 3, ಬುಧವಾರ. ಡಾಲರ್ ಬೆಲೆ 90 ರೂಪಾಯಿ ದಾಟಿದ ದಿನ. ನಾನು ಬೆಳಗಿನ ಚಹಾ ಮುಗಿಸುವಷ್ಟರಲ್ಲಿ ಫೋನುಗಳು ಶುರುವಾದವು. ಎಲ್ಲರದ್ದೂ ಒಂದೇ ಮಾತು: "ಸರ್, ರಿಸರ್ವ್ ಬ್ಯಾಂಕಿನವರು ನಿದ್ದೆ ಮಾಡ್ತಾ ಇದ್ದಾರಾ? ಅಷ್ಟು ಡಾಲರ್ ಉಂಟಲ್ಲ, ಮಾರಿದರೆ ಎಂತ ಅವರಿಗೆ?"

ಎರಡು ದಿನ ಬಿಟ್ಟು, ಶುಕ್ರವಾರ, ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ಅದು ಕೊಡುವ ಅಲ್ಪಾವಧಿ ಸಾಲದ ಬಡ್ಡಿ) ಶೇ 5.50ರಿಂದ 5.25ಕ್ಕೆ ಇಳಿಸಿತು. ಮತ್ತೆ ಅದೇ ಜನರ ಫೋನು. "ಕಾಲು ಪರ್ಸೆಂಟ್ ಮಾತ್ರವಾ ಸರ್? ಅರ್ಧ ಇಳಿಸಬಹುದಿತ್ತಲ್ಲ?"

ನನ್ನ ತಲೆನೋವು ಇರುವುದು ಇಲ್ಲೇ. ಈ ಎರಡು ಪ್ರಶ್ನೆ ಕೇಳುವವರು ಬೇರೆ ಬೇರೆ ಜನ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಒಬ್ಬರೇ ಮನುಷ್ಯ, ಒಂದೇ ವಾರದಲ್ಲಿ, ಎರಡನ್ನೂ ಅಷ್ಟೇ ಸಿಟ್ಟಿನಿಂದ ಕೇಳುತ್ತಾರೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಹೆಚ್ಚುಕಡಿಮೆ ಇಡೀ ಸರ್ವಿಸ್ ಕಳೆದವನು ನಾನು. ನಿವೃತ್ತಿಯಾದ ಮೇಲೆ ಸಣ್ಣ ರಫ್ತುದಾರರಿಗೆ, ಆಮದುದಾರರಿಗೆ ಸಲಹೆ ಕೊಡುತ್ತಿದ್ದೇನೆ. ಈ ಒಂದು ವಿಷಯವನ್ನು ಎಷ್ಟು ಸಲ ವಿವರಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ.

ನಾನಿರುವುದು ಮಂಗಳೂರಿನಲ್ಲಿ. ಇಲ್ಲಿ ಡಾಲರ್ ಅಂದರೆ ಪೇಪರಿನ ಸುದ್ದಿ ಮಾತ್ರ ಅಲ್ಲ. ನವಮಂಗಳೂರು ಬಂದರಿನಲ್ಲಿ ಆಫ್ರಿಕಾದ ಕಚ್ಚಾ ಗೇರುಬೀಜ ಇಳಿಯುತ್ತದೆ. ಅದೇ ಬಂದರಿನಿಂದ ಕೊಡಗು, ಚಿಕ್ಕಮಗಳೂರಿನ ಕಾಫಿ ಹಡಗು ಹತ್ತುತ್ತದೆ. ಸುರತ್ಕಲ್ ಪಕ್ಕದ ರಿಫೈನರಿಗೆ ಕಚ್ಚಾ ತೈಲ ಬರುತ್ತದೆ. ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ಹುಡುಕಬೇಕು. ರೂಪಾಯಿ ಬಿದ್ದ ದಿನ ಒಂದೇ ಗಲ್ಲಿಯಲ್ಲಿ ಒಬ್ಬರಿಗೆ ಹಬ್ಬ, ಪಕ್ಕದವರಿಗೆ ಸೂತಕ. ಮೇಲಾಗಿ ಅವಿಭಜಿತ ದಕ್ಷಿಣ ಕನ್ನಡ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಜಿಲ್ಲೆ. ಬಡ್ಡಿ ದರವನ್ನು ಇಲ್ಲಿನವರು ಬಂಗುಡೆ ರೇಟಿನ ಹಾಗೆ ಮಾತಾಡುತ್ತಾರೆ. ಅಂಥವರಿಗೂ ಇದು ತಲೆಗೆ ಹೋಗುವುದಿಲ್ಲ ಅಂದರೆ ತಪ್ಪು ಹೇಳಿಕೊಡುವ ನನ್ನದೇ ಇರಬಹುದು. ಇನ್ನೊಂದು ಸಲ ಪ್ರಯತ್ನ ಮಾಡುತ್ತೇನೆ.

ರಿಸರ್ವ್ ಬ್ಯಾಂಕ್ ಡಾಲರ್ ಮಾರಿದಾಗ ಅದರ ಹತ್ತಿರ ಡಾಲರ್ ಕಡಿಮೆ ಆಗುತ್ತದೆ. ಇದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ನಿಮ್ಮ ಬ್ಯಾಂಕಿನ ಹತ್ತಿರ ರೂಪಾಯಿಯೂ ಕಡಿಮೆ ಆಗುತ್ತದೆ. ಇದು ಯಾರಿಗೂ ಬೇಡ.

ಡಾಲರನ್ನು ಪುಕ್ಕಟೆ ಹಂಚುವುದಿಲ್ಲವಲ್ಲ. 100 ಕೋಟಿ ಡಾಲರ್ ಮಾರಿತು ಅಂತ ಇಟ್ಟುಕೊಳ್ಳಿ. ದರ 90 ಅಂದರೆ ಕೊಂಡ ಬ್ಯಾಂಕುಗಳು 9,000 ಕೋಟಿ ರೂಪಾಯಿ ಕೊಡಬೇಕು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಆ ಖಾತೆಯಿಂದ 9,000 ಕೋಟಿ ಕಡಿತ. ಆ ಹಣ ಎಲ್ಲಿಗೆ ಹೋಯಿತು? "ಸರಕಾರಕ್ಕೆ ಹೋಗ್ತದಲ್ವಾ?" ಅಂತ ಒಬ್ಬರು ಕೇಳಿದ್ದರು. ಇಲ್ಲ. (ಮಾರಾಟದ ಲಾಭದ ಒಂದು ಪಾಲು ವರ್ಷಕ್ಕೊಮ್ಮೆ ಸರಕಾರಕ್ಕೆ ಹೋಗುವ ಲೆಕ್ಕದಲ್ಲಿ ಸೇರುತ್ತದೆ, ಅದು ಬೇರೆ ಕಥೆ.) ಆ 9,000 ಕೋಟಿ ಯಾರ ಜೇಬಿಗೂ ಹೋಗಲಿಲ್ಲ. ಬ್ಯಾಂಕುಗಳ ಕೈಯಲ್ಲಿದ್ದ ಹಣ ಅಷ್ಟು ಕರಗಿತು, ಅಷ್ಟೇ.

ಬ್ಯಾಂಕುಗಳ ಕೈಯಲ್ಲಿ ಹಣ ಕರಗಿದರೆ ಅವು ಒಂದು ರಾತ್ರಿಯ ಸಾಲಕ್ಕೂ ಜಾಸ್ತಿ ಬಡ್ಡಿ ಕೊಡಬೇಕಾಗುತ್ತದೆ. ಠೇವಣಿಗೆ ಪೈಪೋಟಿ ಶುರುವಾಗುತ್ತದೆ. ಆಮೇಲೆ ನಿಮ್ಮ ಸಿಸಿ (ಕ್ಯಾಶ್ ಕ್ರೆಡಿಟ್, ವ್ಯಾಪಾರದ ದಿನನಿತ್ಯದ ಖರ್ಚಿಗೆ ಬ್ಯಾಂಕ್ ಕೊಡುವ ಸಾಲ) ಲಿಮಿಟ್‌ನ ಬಡ್ಡಿ ಇಳಿಸಿ ಎಂದು ನೀವು ಮ್ಯಾನೇಜರ್ ಹತ್ತಿರ ಹೋದರೆ ಅವರು ನಕ್ಕು ಕಾಫಿ ತರಿಸುತ್ತಾರೆ. ಬೇರೇನೂ ಆಗುವುದಿಲ್ಲ.

ಅಂದರೆ, ರೂಪಾಯಿ ಹಿಡಿದು ನಿಲ್ಲಿಸಿ ಎಂದು ನೀವು ಕೇಳಿದಾಗ, ನನ್ನ ಸಾಲ ದುಬಾರಿಯಾದರೂ ಅಡ್ಡಿಯಿಲ್ಲ ಎಂದೂ ಹೇಳುತ್ತಿದ್ದೀರಿ. ನಿಮಗೆ ಗೊತ್ತಿಲ್ಲದೆ.

ಇದು ಪುಸ್ತಕದ ಮಾತು ಅಂತ ಅನ್ನಿಸಿದರೆ 2024ರ ಕೊನೆ ನೆನಪು ಮಾಡಿಕೊಳ್ಳಿ. ಆ ವರ್ಷದ ಸೆಪ್ಟೆಂಬರ್ ಕೊನೆಗೆ ನಮ್ಮ ವಿದೇಶಿ ವಿನಿಮಯ ಸಂಗ್ರಹ 70,000 ಕೋಟಿ ಡಾಲರ್ ದಾಟಿತ್ತು. 2025ರ ಜನವರಿ ಮಧ್ಯಕ್ಕೆ 62,500 ಕೋಟಿಗಿಂತ ಕೆಳಗೆ ಬಂತು. ಎಲ್ಲವೂ ಮಾರಿದ್ದಲ್ಲ. ಸಂಗ್ರಹದಲ್ಲಿ ಯೂರೊ, ಯೆನ್ ಎಲ್ಲ ಇರುತ್ತವೆ, ಅವುಗಳ ಬೆಲೆ ಡಾಲರಿನ ಎದುರು ಇಳಿದರೂ ಮೊತ್ತ ಕಡಿಮೆ ಕಾಣುತ್ತದೆ. ಆದರೆ ಮಾರಿದ್ದೂ ಸಾಕಷ್ಟು. ಜನವರಿಯಲ್ಲಿ ಬ್ಯಾಂಕುಗಳಿಗೆ ಹಣದ ಕೊರತೆ 2 ಲಕ್ಷ ಕೋಟಿ ರೂಪಾಯಿ ಮೀರಿತು. ತೆರಿಗೆ ಕಟ್ಟಿದ್ದೂ ಅದರಲ್ಲಿ ಸೇರಿದೆ, ಡಾಲರ್ ಮಾರಾಟ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆಮೇಲೆ ರಿಸರ್ವ್ ಬ್ಯಾಂಕೇ ಓಡೋಡಿ ಬಂದು ಹಣ ಸುರಿಯಬೇಕಾಯಿತು. ಡಿಸೆಂಬರಿನಲ್ಲಿ ಸಿಆರ್‌ಆರ್ (ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಕಡ್ಡಾಯವಾಗಿ ಇಡಬೇಕಾದ ಠೇವಣಿಯ ಪಾಲು) ಶೇ 4.5ರಿಂದ 4ಕ್ಕೆ ಇಳಿದಿತ್ತು, ಅದು ಸಾಕಾಗಲಿಲ್ಲ. ಸರಕಾರಿ ಬಾಂಡ್ ಕೊಂಡರು. ಬ್ಯಾಂಕುಗಳಿಂದ ಡಾಲರ್ ಪಡೆದು ರೂಪಾಯಿ ಕೊಡುವ ಸ್ವಾಪ್ ಮಾಡಿದರು. ಮೊದಲು 500 ಕೋಟಿ ಡಾಲರ್, ಆಮೇಲೆ ಸಾವಿರ ಕೋಟಿ, ಮತ್ತೂ ಒಂದು ಸಾವಿರ ಕೋಟಿ. ಒಂದು ಕೈಯಲ್ಲಿ ಎಳೆದದ್ದನ್ನು ಇನ್ನೊಂದು ಕೈಯಲ್ಲಿ ವಾಪಸ್ ಹಾಕಿದ ಹಾಗೆ. ಇಷ್ಟೆಲ್ಲ ಆಗಿಯೂ ರೂಪಾಯಿ 84ರ ಹತ್ತಿರದಿಂದ 86 ದಾಟಿತ್ತು.

ಅರ್ಥಶಾಸ್ತ್ರದವರು ಇದಕ್ಕೆ ಒಂದು ತ್ರಿಕೋನ ಬರೆಯುತ್ತಾರೆ. ಮೂರು ಆಸೆಗಳು: ಕರೆನ್ಸಿ ಅಲುಗಾಡಬಾರದು, ಬಂಡವಾಳ ಆರಾಮವಾಗಿ ಬಂದು ಹೋಗಬೇಕು, ಬಡ್ಡಿ ದರ ನಮ್ಮ ದೇಶದ ಅಗತ್ಯದ ಪ್ರಕಾರ ಇರಬೇಕು. ಮೂರರಲ್ಲಿ ಎರಡು ಮಾತ್ರ ಸಿಗುತ್ತದೆ. ನಾನು ಸ್ಕೂಟರಿನ ಉದಾಹರಣೆ ಕೊಡುತ್ತಿದ್ದೆ, ಸೀಟು ಇಬ್ಬರಿಗೆ, ಹತ್ತಲು ಹೊರಟವರು ಮೂವರು. ಒಮ್ಮೆ ಕಾಫಿ ಎಸ್ಟೇಟಿನ ಹುಡುಗನೊಬ್ಬ ಎದ್ದು ಕೇಳಿದ, "ಅಂಕಲ್, ನಮ್ಮಲ್ಲಿ ಸ್ಕೂಟರಲ್ಲಿ ಮೂರು ಜನ ಹೋಗಲ್ವಾ?" ಕೋಣೆ ತುಂಬ ನಗು. ಆದರೆ ಹುಡುಗ ಹೇಳಿದ್ದು ಸರಿ. ಹೋಗುತ್ತಾರೆ. ನಿಧಾನವಾಗಿ, ಹತ್ತಿರದ ದಾರಿಗೆ, ಮೂವರೂ ಅರ್ಧರ್ಧ ಕೂತು. ಭಾರತ ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ರೂಪಾಯಿ ಸ್ವಲ್ಪ ಜಾರಲಿ, ಬಾಗಿಲು ಪೂರ್ತಿ ತೆರೆಯುವುದು ಬೇಡ, ಬಡ್ಡಿ ಆದಷ್ಟು ನಮ್ಮ ಕೈಯಲ್ಲಿರಲಿ. ಹೊರಗೆ ಗಾಳಿ ಜೋರಾದಾಗ ಮಾತ್ರ ಯಾರಾದರೂ ಒಬ್ಬರು ಇಳಿಯಲೇಬೇಕು.

ಯಾರನ್ನು ಇಳಿಸುವುದು ಎನ್ನುವುದೇ ನೀತಿ.

1991ರಲ್ಲಿ ನಾನು ಎಲ್‌ಸಿ (ಆಮದಿನ ಬಿಲ್ಲಿಗೆ ಬ್ಯಾಂಕ್ ಕೊಡುವ ಖಾತರಿ ಪತ್ರ) ಕೌಂಟರಿನಲ್ಲಿದ್ದೆ. ಆಗ ಮುಚ್ಚಿದ್ದು ಬಾಗಿಲನ್ನು. ಆ ವರ್ಷದ ಏಪ್ರಿಲ್‌ನಲ್ಲಿ ಬಹುತೇಕ ಆಮದುಗಳಿಗೆ ಶೇ 200ರಷ್ಟು ನಗದು ಮಾರ್ಜಿನ್ ಕೇಳಿದರು. ಹತ್ತು ಲಕ್ಷದ ಸರಕು ತರಿಸಲು ಮೊದಲು ಇಪ್ಪತ್ತು ಲಕ್ಷ ಬ್ಯಾಂಕಿನಲ್ಲಿ ಇಡಬೇಕು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಕೌಂಟರಿನ ಆಚೆ ನಿಂತ ಹಿರಿಯರೊಬ್ಬರು ಸರ್ಕ್ಯುಲರ್ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ್ದು ಈಗಲೂ ಕಣ್ಣ ಮುಂದೆ ಇದೆ. ಅಷ್ಟಾದರೂ ಸಾಲಲಿಲ್ಲ. ಜುಲೈ 1 ಮತ್ತು 3ರಂದು, ಎರಡೇ ಕಂತಿನಲ್ಲಿ, ರೂಪಾಯಿಯ ಬೆಲೆ ಇಳಿಸಿದರು. ಚಿನ್ನವನ್ನು ಲಂಡನ್ನಿಗೆ ಸಾಗಿಸಿದರು.

2013ರಲ್ಲಿ ಬಡ್ಡಿಯನ್ನು ಬಲಿ ಕೊಟ್ಟರು. ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಮುಖ್ಯಸ್ಥ ಬೆನ್ ಬರ್ನಾಂಕೆ ಬಾಂಡ್ ಖರೀದಿ ಕಡಿಮೆ ಮಾಡಬಹುದು ಎಂದು ಒಂದು ಮಾತು ಹೇಳಿದ್ದೇ ತಡ, ನಮ್ಮಲ್ಲಿದ್ದ ಹೊರಗಿನ ದುಡ್ಡು ಹೊರಟಿತು. ಜುಲೈ 15ರಂದು ರಿಸರ್ವ್ ಬ್ಯಾಂಕ್ ತನ್ನ ಎಂಎಸ್ಎಫ್ ದರವನ್ನು (ಕೈ ಬರಿದಾದ ಬ್ಯಾಂಕುಗಳಿಗೆ ಕೊಡುವ ತುರ್ತು ಸಾಲದ ಬಡ್ಡಿ) ಒಂದೇ ಸಲ ಶೇ 8.25ರಿಂದ 10.25ಕ್ಕೆ ಏರಿಸಿತು. ರೂಪಾಯಿ ಹಿಡಿಯಲಿಕ್ಕೆ. ಇಲ್ಲಿ ಬಡ್ಡಿ ಜಾಸ್ತಿ ಸಿಕ್ಕಿದರೆ ಹೊರಗಿನ ದುಡ್ಡು ಹೊರಡುವುದು ಕಡಿಮೆ, ಬಡ್ಡಿ ಇಳಿದರೆ ಹೊರಡುವುದು ಜಾಸ್ತಿ. ಇಲ್ಲಿನ ಬೈಕಂಪಾಡಿಯ ಸಣ್ಣ ಕಾರ್ಖಾನೆಯವರು ಅದರ ಬಿಲ್ ಕಟ್ಟಿದರು. ಆದರೂ ಆಗಸ್ಟ್ 28ಕ್ಕೆ ಡಾಲರ್ 68 ದಾಟಿತು.

ಯಾರನ್ನೂ ಇಳಿಸುವುದಿಲ್ಲ ಎಂದು ಹಟ ಹಿಡಿದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಶ್ರೀಲಂಕಾ ತನ್ನ ರೂಪಾಯಿಯನ್ನು ಡಾಲರಿಗೆ 200ರ ಆಸುಪಾಸಿನಲ್ಲೇ ಕಟ್ಟಿಹಾಕಿ ಕೂತಿತು, ಬೊಕ್ಕಸದ ಡಾಲರ್ ಖಾಲಿ ಆಗುವವರೆಗೆ. 2022ರ ಮಾರ್ಚ್‌ನಲ್ಲಿ ಹಗ್ಗ ಬಿಟ್ಟರು. ಮೇ ತಿಂಗಳಿಗೆ 350 ದಾಟಿತ್ತು.

ಈಗ ಮತ್ತೆ 2025ರ ಡಿಸೆಂಬರಿಗೆ ಬನ್ನಿ. ಅಮೆರಿಕ ಆಗಸ್ಟ್ 27ರಿಂದ ನಮ್ಮ ಬಹಳಷ್ಟು ಸರಕಿನ ಮೇಲೆ ಒಟ್ಟು ಶೇ 50 ಸುಂಕ ಹಾಕಿತ್ತು. ಇಲ್ಲಿ ಬೆಲೆ ಏರಿಕೆ ಬಹಳ ಕಡಿಮೆ ಇತ್ತು, ಅಕ್ಟೋಬರಿನಲ್ಲಿ ಶೇ 0.25. ಅಂಥ ಹೊತ್ತಿನಲ್ಲಿ ರೂಪಾಯಿಗಾಗಿ ಬಡ್ಡಿ ಏರಿಸುವುದೋ, ರೂಪಾಯಿ ಸ್ವಲ್ಪ ಜಾರಲಿ ಎಂದು ಬಡ್ಡಿ ಇಳಿಸುವುದೋ? ಅವರು ಎರಡನೆಯದನ್ನು ಆರಿಸಿದರು. ನಾನಾದರೂ ಅದನ್ನೇ ಮಾಡುತ್ತಿದ್ದೆ ಅನ್ನಿಸುತ್ತದೆ. ಇದನ್ನು ಕಲ್ಲಿನಲ್ಲಿ ಕೆತ್ತಬೇಡಿ. ನಾವು ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನದು. ತೈಲ ಬೆಲೆ ಜಿಗಿದರೆ ರೂಪಾಯಿ ಜಾರಿದ್ದೇ ಪೆಟ್ರೋಲಿಗೆ, ಅಡುಗೆ ಎಣ್ಣೆಗೆ, ಗೊಬ್ಬರಕ್ಕೆ ಬಂದು ತಾಗುತ್ತದೆ. ಆಗ ಇದೇ ಲೆಕ್ಕ ತಲೆಕೆಳಗಾಗಬಹುದು.

ಇಷ್ಟು ಹೇಳಿದ ಮೇಲೆ ನನ್ನ ಕಕ್ಷಿದಾರರು ಕೇಳುವುದು ಒಂದೇ: "ಹಾಗಾದ್ರೆ ಮುಂದಿನ ತಿಂಗಳು ಎಷ್ಟು ಆಗ್ತದೆ ಸರ್?"

ನನಗೆ ಗೊತ್ತಿದ್ದರೆ ನಿಮ್ಮ ಹತ್ತಿರ ಫೀಸು ತೆಗೆದುಕೊಂಡು ಯಾಕೆ ಕೂರುತ್ತಿದ್ದೆ? ರೂಪಾಯಿ ಬೀಳುತ್ತಲೇ ಇರುತ್ತದೆ ಎಂದುಕೊಂಡವರಿಗೆ 2008ರ ಜನವರಿ ನೆನಪಿಲ್ಲ. ಆಗ ಡಾಲರ್ 40ರ ಕೆಳಗಿತ್ತು, ರಫ್ತಿನವರು ಅಳುತ್ತಿದ್ದರು. ರಿಸರ್ವ್ ಬ್ಯಾಂಕ್ ನಿಮಗಾಗಿ ಒಂದು ರೇಟು ಹಿಡಿದು ಕೊಡುವುದಿಲ್ಲ. ಅದು ನೋಡಿಕೊಳ್ಳುವುದು ಏರಿಳಿತದ ವೇಗವನ್ನು. ನಿಮ್ಮ ರೇಟು ನೀವೇ ಹಿಡಿದಿಟ್ಟುಕೊಳ್ಳಬೇಕು, ಫಾರ್ವರ್ಡ್ (ಮುಂದಿನ ತಾರೀಕಿನ ಡಾಲರಿಗೆ ಇವತ್ತೇ ಬ್ಯಾಂಕಿನ ಹತ್ತಿರ ರೇಟು ಗೊತ್ತು ಮಾಡಿಕೊಳ್ಳುವ ಒಪ್ಪಂದ) ಇರುವುದು ಅದಕ್ಕೇ. ಎಷ್ಟು ಬುಕ್ ಮಾಡಬೇಕು ಎನ್ನುವುದು ನಿಮ್ಮ ಲಾಭದ ಅಂತರ, ಬಿಲ್ಲಿನ ದಿನಾಂಕ, ಬ್ಯಾಂಕಿನ ಲಿಮಿಟ್ ನೋಡಿ ಹೇಳಬೇಕಾದ ಮಾತು. ಇಲ್ಲಿ ಬರೆದರೆ ತಪ್ಪಾಗುತ್ತದೆ.

ಆದರೆ ಒಂದು ಕಥೆ ಹೇಳಬಹುದು. ಗೇರುಬೀಜದ ಕಾರ್ಖಾನೆಯವರು ಒಬ್ಬರಿದ್ದಾರೆ, ನನಗಿಂತ ದೊಡ್ಡವರು, ಇಪ್ಪತ್ತೈದು ವರ್ಷದ ಪರಿಚಯ. 2013ರ ಆ ಆಗಸ್ಟ್ ತಿಂಗಳವರೆಗೆ ಅವರು ಒಂದು ಡಾಲರಿಗೂ ಫಾರ್ವರ್ಡ್ ಮಾಡಿಸಿರಲಿಲ್ಲ. 28ನೇ ತಾರೀಕು ಮಧ್ಯಾಹ್ನ ಬೆವರು ಒರೆಸುತ್ತಾ ಬಂದರು. "75 ಆಗ್ತದಂತೆ, ಎಲ್ಲವನ್ನೂ ಈಗಲೇ ಬುಕ್ ಮಾಡಿ." ಅರ್ಧ ಮಾಡುವಾ ಎಂದೆ. ಕೇಳಲಿಲ್ಲ. ಅಕ್ಟೋಬರಿನಲ್ಲಿ ಬಿಲ್ ಕಟ್ಟುವ ಹೊತ್ತಿಗೆ ಡಾಲರ್ 62ರ ಹತ್ತಿರ ಇತ್ತು. ಡಾಲರಿಗೆ ಆರು ರೂಪಾಯಿಗಿಂತ ಜಾಸ್ತಿ ಕಳೆದುಕೊಂಡರು. ಹೆದರಿಕೆಯಲ್ಲಿ ನಿರ್ಧಾರ ಮಾಡಿದ್ದು ತಪ್ಪು ಎಂದು ಅವರಿಗೆ ಅನ್ನಿಸಲಿಲ್ಲ. ಫಾರ್ವರ್ಡೇ ಮೋಸ ಎಂದು ತೀರ್ಮಾನ ಮಾಡಿದರು. ಹನ್ನೆರಡು ವರ್ಷ ಅದರ ಹೆಸರು ಎತ್ತಲು ಬಿಡಲಿಲ್ಲ.

ಡಿಸೆಂಬರ್ 3ರಂದು ಮೊದಲು ಫೋನು ಮಾಡಿದವರು ಅವರೇ. ಮರುದಿನ ಮಗಳನ್ನು ಕರೆದುಕೊಂಡು ಬಂದರು. ಈಗ ಲೆಕ್ಕ ನೋಡುವುದು ಅವಳು. ನಾನು 9,000 ಕೋಟಿಯ ಪಾಠ ಶುರು ಮಾಡಿದೆ. ಅವಳು ಅರ್ಧದಲ್ಲೇ, "ಗೊತ್ತಾಯ್ತು ಅಂಕಲ್. ಅಂದ್ರೆ ಅವ್ರು ನಮ್ಮ ರೇಟು ಹಿಡಿಯಲಿಕ್ಕೆ ಹೋದ್ರೆ ನಮ್ಮ ಸಿಸಿಗೇ ಬರ್ತದೆ ಪೆಟ್ಟು" ಎಂದಳು. ಇಷ್ಟು ವರ್ಷದಲ್ಲಿ ಇಷ್ಟು ಬೇಗ ಯಾರೂ ಹಿಡಿದಿರಲಿಲ್ಲ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು.

ಆ ತಿಂಗಳ ಮಧ್ಯದಲ್ಲಿ ಡಾಲರ್ 91 ಮುಟ್ಟಿತು, ರಿಸರ್ವ್ ಬ್ಯಾಂಕ್ ಇಳಿದು ಮಾರಿತು, ಕೆಲವೇ ದಿನದಲ್ಲಿ 90ರ ಕೆಳಗೆ ಬಂತು. ವರ್ಷದ ಕೊನೆಯ ವಾರ ಅಪ್ಪನೇ ಬಂದರು, ಕೈಯಲ್ಲಿ ಒಂದು ಡಬ್ಬ ಗೇರುಬೀಜ, ಇನ್ನೊಂದು ಕೈಯಲ್ಲಿ ಮಗಳು ಬರೆದುಕೊಟ್ಟ ಬಿಲ್ಲುಗಳ ಪಟ್ಟಿ. ಮೂರು ಬಿಲ್, ಎರಡಕ್ಕೆ ಫಾರ್ವರ್ಡ್ ಆಗಿತ್ತು. ಮೂರನೆಯದರ ಎದುರು ಏನೂ ಬರೆದಿರಲಿಲ್ಲ.

ಇದೇನು ಎಂದು ಕೇಳಿದೆ.

"ಅದು ನಾನು ಅವಳಿಗೆ ಹೇಳಿ ಬಿಡಿಸಿದ್ದು ಸರ್," ಎಂದರು. "ಸುಮ್ನೆ. ನೋಡುವಾ ಅಂತ."