ಒಂದೇ ಕೋಣೆಯ ಹನ್ನೊಂದು ನಿಮಿಷ

ಜನಪದ ಹಾಡುಗಳನ್ನು ರಾಕ್ ವಾದ್ಯಗಳೊಂದಿಗೆ ನುಡಿಸುವ ಬ್ರಿಟನ್ನಿನ ಫೋಕ್-ರಾಕ್ ತಂಡಗಳ ವಿಷಯ ಬಂದಾಗಲೆಲ್ಲ, ವೇದಿಕೆಯ ಮೇಲೆ ಕೇಳಿದ ಕಸುವು ಧ್ವನಿಮುದ್ರಿಕೆಯಲ್ಲಿ ಸಿಗದು ಎಂಬ ಮಾತು ಕೇಳಿಬರುತ್ತದೆ. ಈ ಮಾತಿಗೆ ನೇರವಾಗಿ ಅಡ್ಡ ನಿಲ್ಲುವ ಮುದ್ರಣವೊಂದಿದೆ. ಫೇರ್‌ಪೋರ್ಟ್ ಕನ್ವೆನ್ಷನ್ ತಂಡ 1969ರಲ್ಲಿ ಹೊರತಂದ ‘ಎ ಸೇಲರ್ಸ್ ಲೈಫ್’ ಎಂಬ ಹಳೆಯ ಜನಪದ ಗೀತೆ ಸ್ಟುಡಿಯೊದಲ್ಲೇ ಮುದ್ರಣವಾದದ್ದು. ಆದರೆ ಹನ್ನೊಂದು ನಿಮಿಷಗಳ ಆ ಹಾಡನ್ನು ಎಲ್ಲರೂ ಕೂಡಿ ಒಂದೇ ಸಲಕ್ಕೆ ನುಡಿಸಿ ಮುಗಿಸಿದ್ದರು. ತಾಳದ ಕಟ್ಟಿಲ್ಲದೆ ಅಲೆಯುವ ಗಾಯಕಿ ಸ್ಯಾಂಡಿ ಡೆನ್ನಿಯ ದನಿಯ ಹಿಂದೆ ಡ್ರಮ್ಮಿನ ಸಿಂಬಲ್ ತಟ್ಟೆ ಮೆಲ್ಲಗೆ ಮೊರೆಯುತ್ತಿರುತ್ತದೆ. ಲಯ ಯಾವಾಗ ಗಟ್ಟಿಯಾಯಿತೆಂದು ಗೊತ್ತಾಗುವ ಹೊತ್ತಿಗೆ ಡೇವ್ ಸ್ವಾರ್‌ಬ್ರಿಕ್‌ನ ಪಿಟೀಲು ಮತ್ತು ರಿಚರ್ಡ್ ಥಾಂಪ್ಸನ್‌ನ ಗಿಟಾರ್ ಒಂದನ್ನೊಂದು ಅಟ್ಟಿಸಿಕೊಂಡು ಹೊರಟಿರುತ್ತವೆ.

ಹಾಗಾದರೆ ವ್ಯತ್ಯಾಸವಿರುವುದು ಸ್ಥಳದಲ್ಲಲ್ಲ, ಯಾರ ದನಿ ಯಾರ ಕಿವಿಗೆ ಬೀಳುತ್ತದೆ ಎಂಬುದರಲ್ಲಿ. ವಾದ್ಯಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಒಂದರ ಮೇಲೊಂದರಂತೆ ಸೇರಿಸುತ್ತ ಹೋಗುವ ವಿಧಾನದಲ್ಲಿ, ಮೊದಲ ದಿನ ನುಡಿಸಿದ ಡ್ರಮ್ಮಿಗೆ ಪಿಟೀಲಿನವನು ಮರುವಾರ ಹೆಡ್‌ಫೋನ್ ಹಾಕಿಕೊಂಡು ಹೊಂದಿಕೊಳ್ಳುತ್ತಾನೆ. ಅವನು ತುಸು ಮುಂದಕ್ಕೆ ಎಳೆದರೂ ಡ್ರಮ್ಮು ಜಗ್ಗದು. ಒಟ್ಟಿಗೆ ನುಡಿಸುವಾಗಲಾದರೋ ಪ್ರತಿಯೊಬ್ಬನೂ ಕ್ಷಣಕ್ಷಣಕ್ಕೂ ಇನ್ನೊಬ್ಬನನ್ನು ತಿದ್ದುತ್ತಿರುತ್ತಾನೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಐದು ಮೀಟರ್ ಅಂತರದಲ್ಲಿ ಆಗುವ ತಡ ಬರೀ 15 ಮಿಲಿಸೆಕೆಂಡ್. ಅದು ಇದರ ಎರಡರಷ್ಟನ್ನು ದಾಟಿದರೆ ಮಾತ್ರ ಲಯ ಜಗ್ಗತೊಡಗುತ್ತದೆ.

ಮೈಗೆ ತಟ್ಟುವ ಅನುಭವದ ಕಾರಣ ಬೇರೆ. ಬೇಸ್ ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ವೇದಿಕೆಯ ದೊಡ್ಡ ಸ್ಪೀಕರುಗಳಿಂದ ಅದು ಎದೆಗೇ ಬಂದು ಗುದ್ದುತ್ತದೆ. ಮನೆಯಲ್ಲಿ ಸದ್ದು ತಗ್ಗಿಸಿದಾಗ ಮೊದಲು ಮಾಯವಾಗುವುದೂ ಇದೇ, ಏಕೆಂದರೆ ಕ್ಷೀಣ ಸದ್ದಿನಲ್ಲಿ ನಮ್ಮ ಕಿವಿ ಮಂದ್ರ ಸ್ವರಗಳಿಗೆ ಹೆಚ್ಚು ಮಂದವಾಗುತ್ತದೆ. ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಸಂಗೀತ ಕಛೇರಿಯಲ್ಲಿ ಮುದ್ರಿಸಿದ ಆಲ್ಬಮ್ಮುಗಳು ಮನೆಯಲ್ಲಿ ಎಷ್ಟೋ ಸಲ ಸಪ್ಪೆಯೆನಿಸುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಇನ್ನು ಪ್ರೇಕ್ಷಕರ ಚಪ್ಪಾಳೆ. ಫೇರ್‌ಪೋರ್ಟ್ ತಂಡ ಬೇಸಗೆಯ ಉತ್ಸವ ನಡೆಸುವ ಆಕ್ಸ್‌ಫರ್ಡ್‌ಷೈರಿನ ಕ್ರೋಪ್ರೆಡಿಯಂತಹ ಬಯಲಿನಲ್ಲಿ ನೂರು ಮೀಟರ್ ಹಿಂದೆ ನಿಂತವರಿಗೆ ವೇದಿಕೆಯ ಪೆಟ್ಟು 0.3 ಸೆಕೆಂಡ್ ತಡವಾಗಿ ಕೇಳುತ್ತದೆ. ಅದಕ್ಕೆ ಸರಿಯಾಗಿ ಅವರು ತಟ್ಟಿದ ಚಪ್ಪಾಳೆ ಹಿಂತಿರುಗಲು ಮತ್ತೆ ಅಷ್ಟೇ ಹೊತ್ತು ಬೇಕು. ನಿಮಿಷಕ್ಕೆ 120 ಪೆಟ್ಟುಗಳ ಕುಣಿತದ ಹಾಡಿನಲ್ಲಿ ಅಷ್ಟರೊಳಗೆ ಒಂದು ಪೆಟ್ಟು ಕಳೆದೇ ಹೋಗಿರುತ್ತದೆ. ಹಾಗಾಗಿ ಡ್ರಮ್ಮಿನವನು ಜನರ ಉತ್ಸಾಹವನ್ನು ಒಪ್ಪಿಸಿಕೊಂಡರೂ ಅವರ ತಾಳಕ್ಕೆ ಕಿವಿಗೊಡದೆ, ಪಕ್ಕದಲ್ಲೇ ನಿಂತ ಬೇಸ್ ವಾದಕನ ಬೆರಳುಗಳ ಮೇಲೆ ಕಣ್ಣಿಟ್ಟಿರುತ್ತಾನೆ.