‘ಜೀವಂತ ಇತಿಹಾಸ’ ಎಂದರೆ ಹಳೆಯ ಮನೆಯಲ್ಲ

ಕೋಟೆಯ ಚಿತ್ರದ ಕೆಳಗೆ ‘ಜೀವಂತ ಇತಿಹಾಸ’, ನೂರು ದಾಟಿದ ಹಿರಿಯರ ಸಂದರ್ಶನಕ್ಕೆ ‘ಜೀವಂತ ಇತಿಹಾಸ’, ತೊಟ್ಟಿಮನೆಯನ್ನು ಹೋಟೆಲು ಮಾಡಿದರೆ ಅದಕ್ಕೂ ಅದೇ. ಹೊಗಳಿಕೆಯ ಮಾತಾಗಿ ಒಪ್ಪಿಕೊಳ್ಳೋಣ. ಆದರೆ ಅಮೆರಿಕದ ‘ಲಿವಿಂಗ್ ಹಿಸ್ಟರಿ’ ಗ್ರಾಮಗಳನ್ನು ನೋಡಿ ಬಂದವರ ಪ್ರವಾಸ ಲೇಖನಗಳಲ್ಲೂ ಈ ಸಡಿಲ ಅರ್ಥವೇ ನುಸುಳಿ, ಅಲ್ಲಿ ವೇಷ ತೊಟ್ಟವರು ಒಮ್ಮೆ ‘ನಟರು’, ಒಮ್ಮೆ ‘ಗೈಡು’, ಇನ್ನೊಮ್ಮೆ ‘ದುಭಾಷಿ’ ಆಗುತ್ತಿದ್ದಾರೆ. ಇದನ್ನು ಸುಮ್ಮನೆ ಬಿಡುವಂತಿಲ್ಲ.

ವಸ್ತುಸಂಗ್ರಹಾಲಯದವರಿಗೆ ‘ಲಿವಿಂಗ್ ಹಿಸ್ಟರಿ’ ಒಂದು ವಿಧಾನದ ಹೆಸರು: ಒಂದು ಊರು, ಒಂದು ಕಾಲ ಆರಿಸಿಕೊಂಡು, ಆಗಿನ ಉಡುಗೆಯಲ್ಲಿ, ಆಗಿನ ಸಲಕರಣೆಗಳಲ್ಲಿ ನಿಜವಾಗಿ ಕೆಲಸ ಮಾಡುತ್ತ ನೋಡುಗರೊಡನೆ ಮಾತಾಡುವುದು. ಕಟ್ಟಡ ಹಳೆಯದಿರಲೇಬೇಕೆಂಬ ಕಟ್ಟಳೆ ಇಲ್ಲ. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯಕ್ಕಾಗಿ ಆರ್ಟುರ್ ಹಾಜೆಲಿಯಸ್ ಸ್ವೀಡನ್ನಿನ ಮೂಲೆಮೂಲೆಗಳಿಂದ ನಿಜವಾದ ಮನೆಗಳನ್ನೇ ಬಿಚ್ಚಿ ತಂದು 1891ರಲ್ಲಿ ಬಾಗಿಲು ತೆರೆದರು. ಮೆಸಾಚುಸೆಟ್ಸ್‌ನ ಪ್ಲಿಮತ್ ಪಟುಕ್ಸೆಟ್ ವಸ್ತುಸಂಗ್ರಹಾಲಯದಲ್ಲಿರುವ, ಇಂಗ್ಲೆಂಡಿನಿಂದ ಬಂದ ವಲಸಿಗರ ಹಳ್ಳಿಯಾದರೋ ಹೊಸದಾಗಿ ಕಟ್ಟಿದ ಪ್ರತಿರೂಪ. ‘ಜೀವಂತ’ ಎಂಬ ವಿಶೇಷಣ ಸಲ್ಲಬೇಕಾದದ್ದು ಗೋಡೆಗಲ್ಲ, ಒಲೆಯ ಮುಂದೆ ಕೂತವರಿಗೆ.

ಅವರನ್ನು ಇಂಗ್ಲಿಷಿನಲ್ಲಿ ‘ಇಂಟರ್‌ಪ್ರಿಟರ್’ ಎನ್ನುತ್ತಾರೆ. ನಿಘಂಟು ತೆರೆದ ಕೂಡಲೆ ಸಿಗುವ ಅರ್ಥ ದುಭಾಷಿ. ಅವಸರದ ಅನುವಾದಕ ಅಲ್ಲಿಗೇ ನಿಂತುಬಿಡುತ್ತಾನೆ. ಮೂಲ ಲ್ಯಾಟಿನ್ನಿನ ‘ಇಂಟರ್‌ಪ್ರೆಸ್’ ಎಂದರೆ ಇಬ್ಬರ ನಡುವೆ ನಿಂತು ವ್ಯವಹಾರ ಕುದುರಿಸುವವನು, ಅರ್ಥ ಬಿಡಿಸಿ ಹೇಳುವವನು. ಭಾಷಾಂತರ ಅದರ ಒಂದು ಕವಲು ಮಾತ್ರ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಫ್ರೀಮನ್ ಟಿಲ್ಡನ್ 1957ರಲ್ಲಿ ಈ ಕಸುಬಿನ ಸೂತ್ರಗಳನ್ನು ಬರೆದಾಗ, ಬರಿಯ ಮಾಹಿತಿ ಕೊಟ್ಟರೆ ಅದು ‘ಇಂಟರ್‌ಪ್ರಿಟೇಶನ್’ ಆಗದು ಎಂದು ಒತ್ತಿ ಹೇಳಿದರು. ಕನ್ನಡಿಗರು ಇದಕ್ಕೆ ಪದ ಹುಡುಕಿ ತಿಣುಕಬೇಕಿಲ್ಲ. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ಹಾಡಿ ನಿಲ್ಲಿಸಿದ ಮೇಲೆ ಪಕ್ಕದವರು ಮಾಡುವುದು ವ್ಯಾಖ್ಯಾನ. ವ್ಯಾಖ್ಯಾನಕಾರ ಎಂದರಾಯಿತು.

‘ನಟ’ ಏಕೆ ಸಲ್ಲದು? ಪ್ಲಿಮತ್ ಹಳ್ಳಿಯಲ್ಲಿ ಕಾಲ 1627ಕ್ಕೆ ನಿಂತಿದೆ. ವ್ಯಾಖ್ಯಾನಕಾರರು ಆಗ ಬದುಕಿದ್ದ ವಲಸಿಗರೇ ಆಗಿ ‘ನಾನು’ ಎಂದು ಮಾತಾಡುತ್ತಾರೆ. ಅಮೆರಿಕ ಎಂಬ ದೇಶ ಹುಟ್ಟುವುದು ಅವರಿಗೆ ಗೊತ್ತಿಲ್ಲ. ಅವರ ದೊರೆ ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್. ಬಾಯಿಪಾಠ ಮಾಡಿದ ಸಂಭಾಷಣೆ ಇಲ್ಲ. ತಾಳಮದ್ದಳೆಯ ಅರ್ಥಧಾರಿಯಂತೆ, ಪ್ರಸಂಗ ಮೊದಲೇ ಗೊತ್ತು, ಮಾತು ಮಾತ್ರ ಆ ಕ್ಷಣದ್ದು. ಎದುರಿನವರು ಏನೇ ಕೇಳಿದರೂ ಪಾತ್ರದೊಳಗಿಂದಲೇ ಉತ್ತರ ಬರಬೇಕು. ಅದಕ್ಕೆ ಓದು ಬೇಕು. ಹಸು ಯಾರ ಪಾಲಿಗೆ ಬಂತು ಎಂದು ಕೇಳಿ ನೋಡಿ: ಆ ವರ್ಷ ವಲಸಿಗರು ತಲಾ 13 ಮಂದಿಯ 12 ಗುಂಪುಗಳಾಗಿ ದನಗಳನ್ನೂ ಆಡುಗಳನ್ನೂ ಹಂಚಿಕೊಂಡ ದಾಖಲೆ, ಮಕ್ಕಳ ಹೆಸರೂ ಸೇರಿ, ಉಳಿದಿದೆ.

ಎಲ್ಲರೂ ಪಾತ್ರವಾಗುವುದಿಲ್ಲ. ಅದೇ ರಾಜ್ಯದ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್‌ನಲ್ಲಿ ಉಡುಗೆ 1830ರ ದಶಕದ್ದಾದರೂ ಮಾತು ಇಂದಿನವರದು: ‘ಆಗ ಹೀಗೆ ಮಾಡುತ್ತಿದ್ದರು’. ಇದಕ್ಕಿಂತ ಮುಖ್ಯವಾದ ಭೇದ ಪ್ಲಿಮತ್ತಿನಲ್ಲೇ ಇದೆ. ವಲಸಿಗರ ಹಳ್ಳಿಯ ಪಕ್ಕದಲ್ಲಿ ಮೂಲನಿವಾಸಿ ವಾಂಪನೋಆಗ್ ಜನರ ನೆಲೆಯೊಂದಿದೆ. ಜಿಂಕೆ ಚರ್ಮದ ಉಡುಗೆಯಲ್ಲಿ ದೋಣಿ ಕೊರೆಯುತ್ತಲೋ ಅಡುಗೆ ಮಾಡುತ್ತಲೋ ಇರುವ ಅಲ್ಲಿನವರು ಯಾರ ಪಾತ್ರವನ್ನೂ ವಹಿಸುವುದಿಲ್ಲ. ಅವರು ನಿಜವಾಗಿಯೂ ಮೂಲನಿವಾಸಿ ಸಮುದಾಯದವರು. ತಮ್ಮವರ ಚರಿತ್ರೆಯನ್ನು ಇಂದಿನವರಾಗಿ ಹೇಳುತ್ತಾರೆ. ಎರಡೂ ಕಡೆಯವರನ್ನು ‘ವೇಷಧಾರಿ ಕಲಾವಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಲೇಖನ, ಅಲ್ಲಿ ತಿಳಿಯಬೇಕಾದದ್ದನ್ನೇ ಕೈಬಿಟ್ಟಿರುತ್ತದೆ.

ನಮ್ಮಲ್ಲಿಯ ಜಾಗಗಳಿಗೂ ಈ ಹಣೆಪಟ್ಟಿ ಬೇಡ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಹಲವೆಡೆಯ ಮನೆಗಳನ್ನು ತಂದು ಮರುಜೋಡಿಸಿದ ಮಣಿಪಾಲದ ಪಾರಂಪರಿಕ ಗ್ರಾಮ, ಶಿಲ್ಪಗಳಲ್ಲೇ ಹಳ್ಳಿಯನ್ನು ನಿಲ್ಲಿಸಿದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮೂರೂ ನೋಡಲೇಬೇಕಾದವು. ಆದರೆ ಯಾವುದೂ ಈ ವಿಧಾನದ್ದಲ್ಲ. ಮೊದಲಿನದನ್ನು ಜಾನಪದ ವಸ್ತುಸಂಗ್ರಹಾಲಯ ಎನ್ನಿ, ಎರಡನೆಯದನ್ನು ಬಯಲು ವಸ್ತುಸಂಗ್ರಹಾಲಯ, ಮೂರನೆಯದನ್ನು ಶಿಲ್ಪವನ. ಹಬ್ಬದ ದಿನ ಅಲ್ಲಿ ಡೊಳ್ಳು ಬಾರಿಸುವವರು ತೋರಿಸುವುದು ತಮ್ಮ ಇಂದಿನ ಕಲೆಯನ್ನು. ಅವರನ್ನು ‘ಜೀವಂತ ಇತಿಹಾಸ’ ಎಂದು ಕರೆದು ನಿನ್ನೆಗೆ ತಳ್ಳಬಾರದು.