ಹಳದಿ ಲೈಟ್ ಬಂದರೆ ಬ್ರೇಕ್ ಹೋಯಿತು ಅಂತಲ್ಲ

"ಬ್ರೇಕ್ ಚೆನ್ನಾಗೇ ಹಿಡೀತಿದೆ ಸಾರ್, ಆದ್ರೆ ಮೀಟರ್ ಬೋರ್ಡ್‌ನಲ್ಲಿ ಎಬಿಎಸ್ ಅಂತ ಹಳದಿ ಲೈಟ್ ಬಂದಿದೆ. ಊರಿಗೆ ಹೋಗ್ಬೇಕು, ಓಡಿಸಬಹುದಾ?"

ಮಳೆಗಾಲ ಶುರುವಾಯಿತು ಅಂದರೆ ಗ್ಯಾರೇಜಿಗೆ ಬರುವ ಫೋನ್‌ಗಳಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ನಾನು ಮೊದಲು ಕೇಳುವುದು ಒಂದೇ: "ಪಕ್ಕದಲ್ಲಿ ಕೆಂಪು ಲೈಟ್ ಏನಾದ್ರೂ ಉರೀತಿದೆಯಾ?" ಇಲ್ಲ ಅಂದರೆ, ನಿಧಾನವಾಗಿ ಓಡಿಸಿಕೊಂಡು ಬನ್ನಿ ಅನ್ನುತ್ತೇನೆ. ಇದೆ ಅಂದರೆ, ಗಾಡಿ ಅಲ್ಲೇ ಪಕ್ಕಕ್ಕೆ ಹಾಕಿ ಅನ್ನುತ್ತೇನೆ. ಇಷ್ಟು ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಎಬಿಎಸ್ ಅಂದರೆ ಆ್ಯಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದು ಹೊಸ ಸಂಗತಿ ಏನಲ್ಲ. 1978ರಲ್ಲೇ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಬಂದಿತ್ತು. ನಮ್ಮಲ್ಲಿ ಬಹಳ ಕಾಲ ಅದು ದುಬಾರಿ ಮಾಡೆಲ್‌ಗಳಿಗಷ್ಟೇ ಸಿಗುತ್ತಿತ್ತು. 2018ರ ಏಪ್ರಿಲ್‌ನಿಂದ ಹೊಸದಾಗಿ ಬಿಡುಗಡೆಯಾಗುವ ಕಾರುಗಳಿಗೆ, 2019ರ ಏಪ್ರಿಲ್‌ನಿಂದ ತಯಾರಾಗುವ ಎಲ್ಲ ಕಾರುಗಳಿಗೆ ಕಡ್ಡಾಯವಾಯಿತು. ಆಗ ಕೊಂಡ ಕಾರುಗಳ ವಾರಂಟಿ ಈಗ ಮುಗಿದಿದೆ, ವೈರ್‌ಗಳು ಹಳತಾಗಿವೆ. ಈ ಲೈಟ್ ಹಚ್ಚಿಕೊಂಡು ಬರುವ ಸಣ್ಣ ಕಾರುಗಳು ಜಾಸ್ತಿಯಾಗಿರುವುದಕ್ಕೆ ಅದೇ ಕಾರಣ.

ಎಬಿಎಸ್ ಕೆಲಸ ಮಾಡುವ ರೀತಿ ಸರಳ. ಪ್ರತಿ ಚಕ್ರದ ಬುಡದಲ್ಲಿ ಒಂದು ಸೆನ್ಸರ್ ಇರುತ್ತದೆ. ಚಕ್ರದ ಜೊತೆ ಸುತ್ತುವ ಹಲ್ಲಿನ ರಿಂಗನ್ನೋ, ಬೇರಿಂಗ್ ಸೀಲಿನೊಳಗೆ ಕೂತಿರುವ ಅಯಸ್ಕಾಂತದ ಪಟ್ಟಿಯನ್ನೋ ಅದು ಓದಿ, ಚಕ್ರ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಅಂತ ಕಂಪ್ಯೂಟರ್‌ಗೆ ಹೇಳುತ್ತಲೇ ಇರುತ್ತದೆ. ನೀವು ಜೋರಾಗಿ ಬ್ರೇಕ್ ತುಳಿದಾಗ ಒಂದು ಚಕ್ರ ಉಳಿದವಕ್ಕಿಂತ ಬೇಗ ನಿಲ್ಲತೊಡಗಿದರೆ, ಆ ಚಕ್ರದ ಬ್ರೇಕ್ ಒತ್ತಡವನ್ನು ಸ್ವಲ್ಪ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಡುತ್ತದೆ. ಇದೆಲ್ಲ ಒಂದು ಸೆಕೆಂಡಿನಲ್ಲಿ ಹಲವು ಸಲ. ಚಕ್ರ ಪೂರ್ತಿ ಜಾಮ್ ಆಗದೆ ಇದ್ದರೆ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತದೆ. ಎದುರಿಗಿರುವ ಹಸುವನ್ನು ತಪ್ಪಿಸಿ ಪಕ್ಕಕ್ಕೆ ಹೋಗಲು ಆಗುತ್ತದೆ. ಎಬಿಎಸ್‌ನ ಮುಖ್ಯ ಉಪಯೋಗ ಇದೇ. ಗಾಡಿ ಯಾವಾಗಲೂ ಬೇಗ ನಿಲ್ಲುತ್ತದೆ ಅಂತಲ್ಲ. ಜಲ್ಲಿ ಹರಡಿದ ರಸ್ತೆಯಲ್ಲಿ ಎಬಿಎಸ್ ಇದ್ದ ಕಾರು ಇನ್ನೂ ಸ್ವಲ್ಪ ಮುಂದೆ ಹೋಗಿಯೇ ನಿಲ್ಲಬಹುದು.

ಅದು ಕೆಲಸ ಮಾಡುವಾಗ ಕಾಲಡಿಯಲ್ಲಿ ಪೆಡಲ್ ಗಡಗಡ ಅನ್ನುತ್ತದೆ, ಬಾನೆಟ್ ಒಳಗಿಂದ ಕರಕರ ಸದ್ದು ಬರುತ್ತದೆ. ಮೊದಲ ಸಲ ಇದನ್ನು ಅನುಭವಿಸಿದವರು ಏನೋ ಮುರಿಯಿತು ಅಂತ ಹೆದರಿ ಕಾಲು ಎತ್ತಿಬಿಡುತ್ತಾರೆ. ದಯವಿಟ್ಟು ಎತ್ತಬೇಡಿ. ಪೆಡಲ್ ಎಷ್ಟೇ ಅದುರಲಿ, ತುಳಿದ ಕಾಲು ತುಳಿದ ಹಾಗೇ ಇರಲಿ.

ಸರಿ, ಲೈಟ್ ಯಾಕೆ ಬರುತ್ತದೆ? ಕಂಪ್ಯೂಟರ್ ಸದಾ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಮೂರು ಚಕ್ರ ಗಂಟೆಗೆ 40 ಕಿ.ಮೀ. ಅನ್ನುತ್ತಿವೆ, ನಾಲ್ಕನೆಯದು ಸೊನ್ನೆ ಅನ್ನುತ್ತಿದೆ ಅಂತಿಟ್ಟುಕೊಳ್ಳಿ. ಆ ಲೆಕ್ಕವನ್ನು ನಂಬಿ ಬ್ರೇಕ್ ಬಿಟ್ಟರೆ ಅನಾಹುತ. ಅದಕ್ಕೇ ಕಂಪ್ಯೂಟರ್ ಎಬಿಎಸ್ ಕೆಲಸದಿಂದ ಹಿಂದೆ ಸರಿದು ಹಳದಿ ಲೈಟ್ ಹಚ್ಚುತ್ತದೆ. ನಿಮ್ಮ ಪೆಡಲ್, ಮಾಸ್ಟರ್ ಸಿಲಿಂಡರ್, ಪೈಪು, ಪ್ಯಾಡು ಎಲ್ಲ ಮಾಮೂಲಿಯಂತೆ ಕೆಲಸ ಮಾಡುತ್ತವೆ. ಎಬಿಎಸ್ ಇಲ್ಲದ ಹಳೇ ಕಾರು ಓಡಿಸುತ್ತಿದ್ದೀರಿ ಅಂದುಕೊಂಡರಾಯಿತು. ಒದ್ದೆ ರಸ್ತೆಯಲ್ಲಿ ಅಂತರ ಜಾಸ್ತಿ ಬಿಡಿ, ಒಮ್ಮೆಲೇ ಒದ್ದು ಬ್ರೇಕ್ ಹಾಕಬೇಡಿ. ಮಳೆಯಲ್ಲಿ ಚಾರ್ಮಾಡಿಯೋ ಆಗುಂಬೆಯೋ ಇಳಿಯುವುದಿದ್ದರೆ ರಿಪೇರಿ ಮಾಡಿಸಿಕೊಂಡೇ ಹೋಗಿ ಅನ್ನುವುದು ನನ್ನ ಮಾತು.

ಕೆಂಪು ಲೈಟಿನ ಕಥೆ ಬೇರೆ. ಒಂಟಿಯಾಗಿ ಕೆಂಪು ಬಂದಿದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದರೆ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಆಯಿಲ್ 'ಮಿನ್' ಗೆರೆಗಿಂತ ಕೆಳಗಿದ್ದರೆ ಎರಡೇ ಕಾರಣ: ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಪ್ಯಾಡ್ ಸವೆದಷ್ಟೂ ಆಯಿಲ್, ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಳಗೆ ಇಳಿಯುತ್ತದೆ, ಡಬ್ಬಿಯಲ್ಲಿ ಮಟ್ಟ ಕಡಿಮೆ ಕಾಣುತ್ತದೆ. ಸುಮ್ನೆ ಆಯಿಲ್ ತುಂಬಿಸಿ ಲೈಟ್ ಆರಿಸಿಕೊಂಡರೆ ಪ್ಯಾಡ್ ಮುಗಿದದ್ದು ಗೊತ್ತೇ ಆಗುವುದಿಲ್ಲ. ಸೋರುತ್ತಿದ್ದರಂತೂ ಪೆಡಲ್ ನೆಲ ಮುಟ್ಟುವ ದಿನ ದೂರ ಇಲ್ಲ.

ಕೆಂಪು ಮತ್ತು ಹಳದಿ ಎರಡೂ ಒಟ್ಟಿಗೆ ಬಂದರೆ? ಜನ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಅವಕ್ಕೂ ಮುಂದಿನಷ್ಟೇ ಒತ್ತಡ ಕೊಟ್ಟರೆ ಹಿಂದಿನವೇ ಮೊದಲು ಜಾಮ್ ಆಗುತ್ತವೆ. ಆಗ ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ ಗಾಡಿ ಗಿರ್ರನೆ ತಿರುಗುತ್ತದೆ. ಹಳೇ ಕಾರುಗಳಲ್ಲಿ ಹಿಂದಿನ ಒತ್ತಡ ಕಡಿಮೆ ಮಾಡಲು ಒಂದು ವಾಲ್ವ್ ಇರುತ್ತಿತ್ತು. ಈಗ ಆ ಕೆಲಸವನ್ನೂ ಎಬಿಎಸ್ ಯೂನಿಟ್ಟೇ, ಅಂದರೆ ಆ ಕಂಪ್ಯೂಟರ್, ಪಂಪ್, ವಾಲ್ವ್ ಎಲ್ಲ ಸೇರಿದ ಪೆಟ್ಟಿಗೆಯೇ ಮಾಡುತ್ತದೆ. ಬ್ರೋಶರ್‌ನಲ್ಲಿ ಇಬಿಡಿ ಅಂತ ಬರೆದಿರುವುದು ಇದಕ್ಕೇ. ಒಂದು ಸೆನ್ಸರ್ ಹೋದರೆ ಸಾಮಾನ್ಯವಾಗಿ ಎಬಿಎಸ್ ಮಾತ್ರ ನಿಲ್ಲುತ್ತದೆ, ಇಬಿಡಿ ಹೇಗೋ ನಡೆಯುತ್ತಿರುತ್ತದೆ. ಒಂದಕ್ಕಿಂತ ಜಾಸ್ತಿ ಸೆನ್ಸರ್ ಅಥವಾ ಯೂನಿಟ್ಟೇ ಕೈಕೊಟ್ಟರೆ ಇಬಿಡಿಯೂ ನಿಲ್ಲಬಹುದು. ಆಗ ಎರಡೂ ಲೈಟ್ ಬರುತ್ತವೆ. ಪೆಡಲ್ ಗಟ್ಟಿಯಾಗಿದೆ, ಬ್ರೇಕ್ ಹಿಡಿಯುತ್ತಿದೆ ಅಂತ ನಂಬಿಕೊಂಡು ಹೈವೇಗೆ ಹೋಗಬೇಡಿ. ಟೋ ಮಾಡಿಸಿ.

ಇನ್ನು ಟ್ರ್ಯಾಕ್ಷನ್ ಕಂಟ್ರೋಲ್. ಮೀಟರ್ ಬೋರ್ಡ್‌ನಲ್ಲಿ ಇದರ ಲೈಟ್ ಅಂದರೆ ಒಂದು ಕಾರು, ಅದರ ಹಿಂದೆ ಎರಡು ಅಂಕುಡೊಂಕು ಗೆರೆ ಇರುವ ಚಿತ್ರ. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ಎಬಿಎಸ್ ನೋಡಿಕೊಂಡರೆ, ಆಕ್ಸಿಲರೇಟರ್ ಒತ್ತಿದಾಗ ಚಕ್ರ ಸುಮ್ಮನೆ ತಿರುಗದಂತೆ ಇದು ನೋಡಿಕೊಳ್ಳುತ್ತದೆ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ, ಎಂಜಿನ್ ಶಕ್ತಿಯನ್ನೂ ಕಡಿಮೆ ಮಾಡಿಸುತ್ತದೆ. ಸೆನ್ಸರ್‌ಗಳು ಅವೇ ನಾಲ್ಕು. ಅದಕ್ಕೇ ಎಬಿಎಸ್ ಲೈಟ್ ಬಂದ ಕಾರಿನಲ್ಲಿ ಇದೂ ಜೊತೆಗೇ ಬರುತ್ತದೆ. ಎರಡು ಲೈಟ್ ಬಂದಿದೆ ಅಂದ ಮಾತ್ರಕ್ಕೆ ಎರಡು ರಿಪೇರಿ ಅಲ್ಲ.

ಈ ಲೈಟ್ ಮಿನುಗಿದರೆ ಸಂತೋಷಪಡಿ. ಅದು ಕೆಲಸ ಮಾಡುತ್ತಿದೆ, ರಸ್ತೆ ಜಾರುತ್ತಿದೆ ಅಂತ ಅರ್ಥ. ಮಿನುಗದೆ ಉರಿಯುತ್ತಲೇ ಇದ್ದರೆ ಅದು ದೋಷ. ಚಿತ್ರದ ಕೆಳಗೆ 'ಆಫ್' ಅಂತ ಇದ್ದರೆ ಹೆಚ್ಚಾಗಿ ಯಾರೋ ಬಟನ್ ಒತ್ತಿದ್ದಾರೆ ಅಷ್ಟೇ. ಡ್ಯಾಶ್‌ಬೋರ್ಡ್ ಒರೆಸುವಾಗ ಕೈ ತಾಗಿ ಆಫ್ ಆದ ಗಾಡಿಗಳು ಎಷ್ಟೋ ಬರುತ್ತವೆ. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಆ ಬಟನ್ ಯಾಕೆ ಕೊಟ್ಟಿದ್ದಾರೆ ಅಂತ ಕೇಳಬಹುದು. ಮಲೆನಾಡಿನ ತೋಟದ ದಾರಿಯಲ್ಲಿ ಕೆಸರಿಗೆ ಸಿಕ್ಕಿಹಾಕಿಕೊಂಡವರಿಗೆ ಗೊತ್ತು. ಚಕ್ರ ಸ್ವಲ್ಪ ತಿರುಗಿದರೆ ತಾನೇ ಕೆಸರು ಎಸೆದು ಮೇಲೆ ಬರುವುದು? ತಿರುಗಲು ಹೊರಟ ಕೂಡಲೇ ಕಂಪ್ಯೂಟರ್ ಎಂಜಿನ್ನಿನ ಕತ್ತು ಹಿಸುಕುತ್ತದೆ. ಅಂಥ ಕಡೆ ಬಟನ್ ಒತ್ತಿ ಆಫ್ ಮಾಡಿ, ಮೇಲೆ ಬಂದ ಮೇಲೆ ಮರೆಯದೆ ಆನ್ ಮಾಡಿ.

ಎಂಜಿನ್ ಚೆಕ್ ಲೈಟ್ ಜೊತೆ ಟ್ರ್ಯಾಕ್ಷನ್ ಲೈಟ್ ಬಂದು, ಎಬಿಎಸ್ ಲೈಟ್ ಮಾತ್ರ ಬಂದಿಲ್ಲ ಅಂದರೆ ಚಕ್ರದ ಕಡೆ ಹೋಗಲೇಬೇಡಿ. ದೋಷ ಎಂಜಿನ್‌ನದು. ಎಂಜಿನ್ ತನ್ನ ಮಾತು ಕೇಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ ತಾನೂ ರಜೆ ಹಾಕುತ್ತದೆ.

ಲೈಟ್ ಬಂದಿದೆ ಅಂತ ಹೇಳುವವರು ಯಾವಾಗ ಬಂತು ಅನ್ನುವುದನ್ನು ಹೇಳುವುದೇ ಇಲ್ಲ. ನನಗೆ ಬೇಕಾದದ್ದು ಅದೇ. ಕೀ ಆನ್ ಮಾಡಿದ ಕೂಡಲೇ ಬಂದು ಆರದೇ ಉಳಿಯಿತೇ? ಹಾಗಿದ್ದರೆ ವೈರ್ ಪೂರ್ತಿ ಕತ್ತರಿಸಿದೆ, ಫ್ಯೂಸ್ ಹೋಗಿದೆ ಅಥವಾ ಯೂನಿಟ್ ಒಳಗೇ ಏನೋ ಆಗಿದೆ. ಗಾಡಿ ಹೊರಟು ಸ್ವಲ್ಪ ವೇಗ ಹಿಡಿದ ಮೇಲೆ ಬರುತ್ತದೆಯೇ? ವೈರ್ ಸರಿ ಇದೆ, ಆದರೆ ಸಿಗ್ನಲ್ ಬರುತ್ತಿಲ್ಲ. ರಿಂಗ್ ಅಥವಾ ಸೆನ್ಸರ್ ತುದಿ ನೋಡಬೇಕು. ಹಂಪ್ ಹಾರಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಬರುತ್ತದೆಯೇ? ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಂತಿ ಮುರಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಬಂದು ಆಮೇಲೆ ಕಾಣುವುದಿಲ್ಲವೇ? ಬ್ಯಾಟರಿ ನೋಡಿಸಿ. ವೋಲ್ಟೇಜ್ ಇಳಿದರೆ ಮೊದಲು ಮುನಿಸಿಕೊಳ್ಳುವ ಯೂನಿಟ್‌ಗಳಲ್ಲಿ ಎಬಿಎಸ್ ಒಂದು.

ನನ್ನ ಕೈಗೆ ಬಂದ ಕೇಸುಗಳಲ್ಲಿ ಹೆಚ್ಚಿನವು ಚಕ್ರದ ಸೆನ್ಸರ್, ಅದರ ವೈರ್, ಇಲ್ಲವೇ ರಿಂಗ್. ಶಾಕ್ ಅಬ್ಸಾರ್ಬರ್ ಬದಲಿಸಿದವರು ಸೆನ್ಸರ್ ವೈರನ್ನು ಅದರ ಕ್ಲಿಪ್‌ಗೆ ವಾಪಸ್ ಸಿಕ್ಕಿಸದೇ ಬಿಟ್ಟಿರುತ್ತಾರೆ. ಅದು ಟೈರ್‌ಗೆ ಉಜ್ಜಿ ಉಜ್ಜಿ ತಿಂಗಳೊಪ್ಪತ್ತಿನಲ್ಲಿ ತುಂಡಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳಲ್ಲಿ ಇಲಿ ಕಡಿದ ವೈರ್ ದಿನನಿತ್ಯದ ಮಾತು. ಕರಾವಳಿಯ ಗಾಡಿಗಳಲ್ಲಿ ಹಲ್ಲಿನ ರಿಂಗ್ ತುಕ್ಕು ಹಿಡಿದು ಉಬ್ಬಿ ಬಿರುಕು ಬಿಡುತ್ತದೆ. ಬೇರಿಂಗ್ ಆಡುತ್ತಿದ್ದರೆ ಸೆನ್ಸರ್ ಮತ್ತು ರಿಂಗಿನ ನಡುವಿನ ಸಂದು ಹೆಚ್ಚುಕಡಿಮೆಯಾಗುತ್ತದೆ.

ಬೇರಿಂಗ್ ವಿಚಾರದಲ್ಲಿ ಇನ್ನೊಂದಿದೆ. ಅಯಸ್ಕಾಂತದ ಪಟ್ಟಿ ಇರುವ ಬೇರಿಂಗ್‌ಗೆ ಒಳಮುಖ ಹೊರಮುಖ ಅಂತ ಇರುತ್ತದೆ. ಪ್ರೆಸ್‌ನಲ್ಲಿ ಕೂರಿಸುವಾಗ ತಿರುವಿ ಹಾಕಿದರೆ ಗಾಡಿ ಚೆನ್ನಾಗೇ ಓಡುತ್ತದೆ, ಸದ್ದೂ ಇರುವುದಿಲ್ಲ. ಆದರೆ ಪಟ್ಟಿ ಸೆನ್ಸರ್ ಎದುರಿಗೆ ಇರುವುದೇ ಇಲ್ಲ. ಹೊಸ ಬೇರಿಂಗ್ ಹಾಕಿಸಿದ ದಿನವೇ ಎಬಿಎಸ್ ಲೈಟ್ ಬಂತು ಅಂದರೆ ಹೊಸ ಸೆನ್ಸರ್ ಕೊಳ್ಳಲು ಓಡಬೇಡಿ. ಬೇರಿಂಗ್ ಹಾಕಿದವರ ಹತ್ತಿರವೇ ವಾಪಸ್ ಹೋಗಿ.

ಲೈಟೇ ಬರದ ದೋಷವೂ ಒಂದಿದೆ. ಸಿಗ್ನಲ್ ಹತ್ತಿರ ಮೆಲ್ಲಗೆ ನಿಲ್ಲಿಸುತ್ತೀರಿ, ಗಂಟೆಗೆ ಹತ್ತು ಕಿ.ಮೀ. ಕೂಡ ಇಲ್ಲ. ರಸ್ತೆ ಒಣಗಿದೆ. ಆದರೂ ಪೆಡಲ್ ಗಡಗಡ ಅನ್ನುತ್ತದೆ, ಗಾಡಿ ಒಂದಡಿ ಮುಂದೆ ಜಾರಿ ನಿಲ್ಲುತ್ತದೆ. ಹೆಚ್ಚಾಗಿ ರಿಂಗ್ ಬಿರುಕು ಬಿಟ್ಟಿರುತ್ತದೆ ಅಥವಾ ಸೆನ್ಸರ್ ಬುಡದಲ್ಲಿ ತುಕ್ಕು ಕೂತು ಸಂದು ಜಾಸ್ತಿಯಾಗಿರುತ್ತದೆ. ನಿಧಾನ ವೇಗದಲ್ಲಿ ಸೆನ್ಸರ್ ಸಿಗ್ನಲ್ ಕ್ಷೀಣವಾಗಿ ಕಡಿದುಹೋಗುತ್ತದೆ. ಚಕ್ರ ಜಾಮ್ ಆಯಿತು ಅಂದುಕೊಂಡು ಕಂಪ್ಯೂಟರ್ ಬ್ರೇಕ್ ಬಿಡುತ್ತದೆ. ಲೈಟ್ ಬಂದಿಲ್ಲವಲ್ಲ ಅಂತ ಪ್ಯಾಡ್, ಡಿಸ್ಕ್ ಎಲ್ಲ ಬದಲಾಯಿಸಿ ಸೋತು ಬರುವವರು ಇದ್ದಾರೆ.

ಸ್ಟೆಪ್ನಿ ಹಾಕಿದ ಮೇಲೆ ಲೈಟ್ ಬಂದರೆ ಟೈರ್ ಸೈಜ್ ನೋಡಿ. ಈಗಿನ ಹಲವು ಕಾರುಗಳ ಸ್ಟೆಪ್ನಿ ಚಿಕ್ಕದು. ಚಿಕ್ಕ ಚಕ್ರ ಜಾಸ್ತಿ ಸುತ್ತು ಹಾಕುತ್ತದೆ, ಕಂಪ್ಯೂಟರ್‌ಗೆ ಅನುಮಾನ ಬರುತ್ತದೆ. ಪಂಚರ್ ಸರಿಮಾಡಿಸಿ ಹಳೇ ಚಕ್ರ ಹಾಕಿದರೆ ಸರಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಟ್ರ್ಯಾಕ್ಷನ್ ಲೈಟ್ ಬಂದರೆ, ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸೆನ್ಸರ್ ತನ್ನ ನೇರ ಎಲ್ಲಿದೆ ಅನ್ನುವುದನ್ನು ಮರೆತಿರಬಹುದು. ಕೆಲವು ಕಾರುಗಳಲ್ಲಿ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಸ್ವಲ್ಪ ದೂರ ಓಡಿಸಿದರೆ ಸಾಕು. ಇನ್ನು ಕೆಲವಕ್ಕೆ ಸ್ಕ್ಯಾನರ್ ಬೇಕು. ವೀಲ್ ಅಲೈನ್‌ಮೆಂಟ್ ಆದ ಮೇಲೂ ಹೀಗಾಗುವುದುಂಟು.

ಸ್ಕ್ಯಾನರ್ ಅಂದೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್‌ಗಳನ್ನು ಓದುವ ಸಾಧನ ಅದು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸಾಧನಗಳಲ್ಲಿ ಎಷ್ಟೋ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಂಜಿನ್ ಕೋಡ್ 'ಪಿ' ಅಕ್ಷರದಿಂದ, ಎಬಿಎಸ್ ಕೋಡ್ ಹೆಚ್ಚಾಗಿ 'ಸಿ' ಅಕ್ಷರದಿಂದ ಶುರುವಾಗುತ್ತದೆ. "ನಾನೇ ನೋಡಿದೆ, ಯಾವ ಕೋಡೂ ಇಲ್ಲ" ಅಂತ ಬರುವವರ ಸಾಧನ ಎಬಿಎಸ್ ಯೂನಿಟನ್ನು ಮಾತಾಡಿಸಿಯೇ ಇರುವುದಿಲ್ಲ. ಕೋಡ್ ಸಿಕ್ಕಿದರೂ ಅದು ಯಾವ ಚಕ್ರದ ಸರ್ಕ್ಯೂಟ್ ಅಂತ ಹೇಳುತ್ತದೆ, ಯಾವ ಭಾಗ ಬದಲಿಸಬೇಕು ಅಂತ ಹೇಳುವುದಿಲ್ಲ. ನಾನು ಕೋಡ್ ಓದಿದ ಮೇಲೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಗಾಡಿ ಓಡಿಸುತ್ತೇನೆ. ನಾಲ್ಕೂ ಚಕ್ರದ ವೇಗ ಸ್ಕ್ರೀನ್ ಮೇಲೆ ಕಾಣುತ್ತದೆ. ಯಾವುದು ಹಿಂದೆ ಬೀಳುತ್ತದೆ, ಯಾವುದು ನಡುನಡುವೆ ಸೊನ್ನೆಗೆ ಹಾರುತ್ತದೆ ಅಂತ ಅವರು ನೋಡುತ್ತಿರುತ್ತಾರೆ. ಆಮೇಲೆ ಜಾಕ್ ಹಾಕಿ ಚಕ್ರ ಬಿಚ್ಚಿ ಕಣ್ಣಾರೆ ನೋಡುವುದು. ಕೋಡ್ ಡಿಲೀಟ್ ಮಾಡಿ ಕಳಿಸಿದರೆ ಮುಂದಿನ ತಿರುವಿನಲ್ಲಿ ಅದೇ ಲೈಟ್ ಮತ್ತೆ ಬರುತ್ತದೆ.

"ಎಬಿಎಸ್ ಯೂನಿಟ್ ಹೋಗಿದೆ, ಹೊಸದೇ ಹಾಕಬೇಕು" ಅಂತ ಯಾರಾದರೂ ಸ್ಕ್ಯಾನ್ ಮಾಡಿ ಐದು ನಿಮಿಷದಲ್ಲಿ ಹೇಳಿದರೆ, ಫ್ಯೂಸ್ ನೋಡಿದಿರಾ, ಯೂನಿಟ್ ಪ್ಲಗ್‌ನಲ್ಲಿ ಕರೆಂಟ್ ಮತ್ತು ಅರ್ತ್ ಬರುತ್ತಿದೆಯಾ, ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು ಅಂತ ಕೇಳಿ. ಯೂನಿಟ್ ನಿಜವಾಗಿ ಹೋಗುವುದೂ ಉಂಟು. ಪಂಪ್ ಮೋಟಾರ್ ಸುಡುತ್ತದೆ, ಒಳಗಿನ ಬೆಸುಗೆ ಬಿಡುತ್ತದೆ. ಬ್ರೇಕ್ ಆಯಿಲ್ ವರ್ಷಾನುಗಟ್ಟಲೆ ಬದಲಾಯಿಸದೆ ಹಾಗೇ ಬಿಟ್ಟರೆ ಅದು ಗಾಳಿಯ ತೇವ ಹೀರಿಕೊಂಡು ಒಳಗಿನ ಸಣ್ಣ ವಾಲ್ವ್‌ಗಳಿಗೆ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹಲವು ಕಂಪನಿಗಳ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ, ಓದುವವರು ಕಡಿಮೆ ಅಲ್ವಾ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ಒಂದು ಮಾತು. ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಎಬಿಎಸ್ ಲೈಟ್ ಉರಿದು ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಉರಿಯಲೇ ಇಲ್ಲ ಅಂದರೆ ಖುಷಿಪಡಬೇಡಿ, ಯಾರೋ ಬಲ್ಬ್ ಕಿತ್ತಿರಬಹುದು ಅಥವಾ ಒಳಗಿಂದ ಟೇಪ್ ಅಂಟಿಸಿರಬಹುದು. ಬೇರೆ ಲೈಟ್‌ನ ವೈರ್‌ಗೆ ಜೋಡಿಸಿ ಎರಡೂ ಒಟ್ಟಿಗೇ ಆರುವಂತೆ ಮಾಡುವವರೂ ಇದ್ದಾರೆ. ಅದಕ್ಕೇ ಖಾಲಿ ಮಣ್ಣಿನ ರಸ್ತೆ ನೋಡಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಬ್ರೇಕನ್ನು ಗಟ್ಟಿಯಾಗಿ ತುಳಿಯಿರಿ. ಪೆಡಲ್ ಅದುರಬೇಕು. ಅದುರದೆ ಚಕ್ರಗಳು ನೆಲವನ್ನು ಗೀರುತ್ತಾ ಹೋದರೆ ಬೆಲೆ ಮಾತಾಡುವ ಮೊದಲು ಆ ಕಾರನ್ನು ಸ್ಕ್ಯಾನ್ ಮಾಡಿಸಿ.